ಮೇಲಕ್ಕೆ ಹೋಗುವ ಮೆಟ್ಟಿಲು

“ಕಾಲಿಡಜ್ಜಿ, ಅದೇ ಕರ್ಕೊಂಡೋಯ್ತದೆ,” ಎನ್ನುತ್ತ ಧನುಶ್ರೀ ಅಜ್ಜಿಯ ಕೈಬಿಟ್ಟು ಎಸ್ಕಲೇಟರ್ ಹತ್ತಿಯೇಬಿಟ್ಟಳು.

ಅರ್ಧ ಹೋಗಿ ತಿರುಗಿ ನೋಡಿದರೆ ಮಂಚಮ್ಮಜ್ಜಿ ಕೆಳಗೇ ನಿಂತಿದ್ದರು. ಒಂದು ಕಾಲು ಮುಂದಿಡುವುದು, ಮತ್ತೆ ಹಿಂದಕ್ಕೆ ತೆಗೆಯುವುದು. ಹಿಂದೆ ಜನ ಸೇರಿದ್ದರು. ಯಾರೋ ನಕ್ಕರು.

ಧನುಶ್ರೀ ಅಲ್ಲಿಂದಲೇ ಕೆಳಕ್ಕೆ ಓಡತೊಡಗಿದಳು. ಎಷ್ಟು ಓಡಿದರೂ ಇದ್ದಲ್ಲೇ ಇದ್ದಳು.

“ಉಲ್ಟಾ ಓಡ್ಬೇಡ ಪುಟ್ಟಿ, ಬೀಳ್ತೀಯ. ಮೇಲೋಗಿ ಆ ಕಡೆ ಮೆಟ್ಲಲ್ಲಿ ಇಳ್ಕೊ,” ಎಂದಳು ಅಂಗಡಿಯಲ್ಲಿ ಕೆಲಸ ಮಾಡುವ ಅಕ್ಕ.

ನಂಜನಗೂಡಿನ ಆ ಹೊಸ ಬಟ್ಟೆ ಅಂಗಡಿಯಲ್ಲಿ ಮದುವೆ ಸೀರೆಗಳಿದ್ದದ್ದು ಮಹಡಿಯ ಮೇಲೆ. ಮದುವೆ ಧನುಶ್ರೀಯ ಚಿಕ್ಕಮ್ಮನದು, ಅಂದರೆ ಅಜ್ಜಿಯ ಕಿರಿಮಗಳದು. ಅಮ್ಮ, ಚಿಕ್ಕಮ್ಮ ಆಗಲೇ ಮೇಲೆ ಹೋಗಿದ್ದರು.

ಧನುಶ್ರೀ ಏದುಸಿರು ಬಿಡುತ್ತ ಇಳಿದು ಬಂದಳು.

“ನಾನಿಲ್ಲೇ ಕೂತಿರ್ತೀನಿ ಕಣವ್ವ,” ಎಂದರು ಅಜ್ಜಿ. “ಮೆಟ್ಲು ಅತ್ತಕ್ಕೆ ಮಂಡಿ ನೋವು. ಇದು ನೋಡುದ್ರೆ ಇಂಗೆ. ಸೀರೆ ನೀವೇ ತಕ್ಕೊಳಿ.”

“ಇದ್ಕೆಲ್ಲ ಯಾಕಜ್ಜಿ ಭಯ? ಮೊದ್ಲು ಅಮೆರಿಕದಲ್ಲಿ ಜನ ಇದನ್ನ ಆಟಕ್ಕೆ ಹತ್ತೋರಂತೆ, ಮಿಸ್ ಹೇಳವ್ರೆ. ಒಳಗೆ ಮೋಟ್ರು, ಸೈಕಲ್ ಚೈನ್ ಥರ ಚೈನು. ಅದಕ್ಕೇ ಮೆಟ್ಲು ಜೋಡ್ಸವ್ರೆ. ಮೇಲೋದ ಮೆಟ್ಲು ನೆಲದೊಳಕ್ಕೋಗಿ, ಅಡೀಲೇ ತಿರುಗಿ ಕೆಳಕ್ಕೆ ಬತ್ತದೆ.”

“ನೆಲದೊಳಕ್ಕೋಗೋವಾಗ ಸೀರೇನೂ ಎಳ್ಕೊಂಡ್ರೆ?”

ಧನುಶ್ರೀ ಬಗ್ಗಿ ನೋಡಿದಳು. ಬಾಚಣಿಗೆಯಂಥ ಹಲ್ಲುಗಳ ಕೆಳಗಿನಿಂದ ಮೆಟ್ಟಿಲು ಚಪ್ಪಟೆಯಾಗಿ ಹೊರಬಂದು ಮೇಲೇಳುತ್ತಿತ್ತು. ಮೇಲೆಯೂ ಅಂಥದೇ ಹಲ್ಲುಗಳ ನಡುವೆ ಅದು ಒಳಗೆ ಹೋಗುವುದನ್ನು ಅವಳು ಆಗಲೇ ನೋಡಿದ್ದಳು. ಅವಳು ಹಾಕಿದ್ದು ಪ್ಯಾಂಟು. ಅಜ್ಜಿಯ ಸೀರೆ ನೆಲ ಮುಟ್ಟುತ್ತಿತ್ತು.

“ಸಿಕ್ಕಾಕೋಬೋದು,” ಎಂದಳು ಮೆಲ್ಲಗೆ. “ನೆರಿಗೆ ಮೇಲಕ್ಕೆ ಎತ್ತಿಡ್ಕೊ. ಪಕ್ಕಕ್ಕೆ ತಾಗ್ದಂಗೆ ನಿಂತ್ಕೊ. ನಾನು ಕೈ ಬಿಡಲ್ಲ.”

“ಆಗ್ಲೇ ಬುಟ್ಬುಟ್ಟು ಓದ್ಯಲ್ಲ.”

“ಈಗ ಬಿಡಲ್ಲ.”

ಇಬ್ಬರೂ ಒಟ್ಟಿಗೆ ಕಾಲಿಟ್ಟರು. ಅಜ್ಜಿಯ ಹಿಡಿತಕ್ಕೆ ಧನುಶ್ರೀಯ ಬೆರಳು ನೋಯುತ್ತಿತ್ತು. ಅವಳು ಬಿಡಿಸಿಕೊಳ್ಳಲಿಲ್ಲ. ಮೇಲಿನ ಹಲ್ಲುಗಳು ಹತ್ತಿರ ಬಂದಾಗ, “ಈಗ ಕಾಲೆತ್ತಜ್ಜಿ,” ಎಂದಳು. ಅಜ್ಜಿ ಮೋರಿ ದಾಟುವಂತೆ ದೊಡ್ಡ ಹೆಜ್ಜೆ ಹಾಕಿದರು.

“ಎಲ್ಲೋಗಿದ್ದೆ ಅವ್ವ? ನೀನು ನೋಡ್ಲಿ ಅಂತ ಕಾಯ್ತಾ ಕುಂತಿವ್ನಿ,” ಎಂದಳು ಚಿಕ್ಕಮ್ಮ. ಅಜ್ಜಿ ಸೀರೆಗಳನ್ನು ಒಂದೊಂದಾಗಿ ಬಿಚ್ಚಿಸಿ, ಬೆಳಕಿಗೆ ಹಿಡಿದು, ಕೊನೆಗೆ ಅರಿಸಿನ ಬಣ್ಣದ್ದನ್ನು ಮಗಳ ಹೆಗಲ ಮೇಲಿಟ್ಟು ನೋಡಿದರು. ಅದೇ ಆಯಿತು.

ಹೊರಟಾಗ ಅಜ್ಜಿ, “ಇಳಿಯೋವಾಗ ಮಾಮೂಲಿ ಮೆಟ್ಲಲ್ಲೇ ಓಗಣ ಕಣವ್ವ,” ಎಂದರು.

ಪಕ್ಕದಲ್ಲೇ ಇಳಿಯುವ ಎಸ್ಕಲೇಟರ್ ಖಾಲಿಯಾಗಿ ಓಡುತ್ತಿತ್ತು. ಧನುಶ್ರೀ ಅದನ್ನೊಮ್ಮೆ ನೋಡಿದಳು. ಆಮೇಲೆ ಅಜ್ಜಿಗೆ ಹೆಗಲು ಕೊಟ್ಟು, ಒಂದು ಮೆಟ್ಟಿಲು ಇಳಿದು, ಅವರ ಎರಡನೆಯ ಕಾಲೂ ಬರುವವರೆಗೆ ಕಾದು ನಿಂತಳು.