ಒಂದೂ ಕ್ರಿಮಿಯಿಲ್ಲದ ನೀರು

"ನಾಚಿಕೆ ಆಗಲ್ವಾ ನಿಮಗೆ? ಮೂವತ್ತೆಂಟು ಮಕ್ಕಳು ವಾಂತಿ-ಭೇದಿ ಅಂತ ಆಸ್ಪತ್ರೇಲಿ ಮಲಗಿದಾವೆ! ನೀರು ಚೆನ್ನಾಗಿದೆ ಅಂತ ಬರೆದ ಕೈ ಯಾವುದು?"

ಶಾಲೆಯ ಹೆಡ್‌ಮಿಸ್ಸು ವರದಿಯನ್ನು ಮೇಜಿನ ಮೇಲೆ ಅಪ್ಪಳಿಸಿದರು.

"ನನ್ನದೇ," ಅಂದಳು ನಮ್ಮ ಲ್ಯಾಬಿನ ಟೆಕ್ನಿಷಿಯನ್. "ಆ ಮೂವತ್ತೆಂಟರಲ್ಲಿ ನನ್ನ ಮಗಳೂ ಒಬ್ಬಳು, ಮೇಡಂ. ಮನೆಯಿಂದ ನೀರು ಹೊರಬೇಡ ಕಣೇ, ಶಾಲೆ ನಲ್ಲೀದೇ ಕುಡಿ ಅಂತ ಕಳಿಸಿದೋಳು ನಾನೇ."

ಹೆಡ್‌ಮಿಸ್ಸು ಕುರ್ಚಿ ಎಳೆದು ಕೂತರು. ಲ್ಯಾಬಿನ ಮುಖ್ಯಸ್ಥರು, ನಮ್ಮ ದೊಡ್ಡ ಸಾಹೇಬರು, ತಮ್ಮ ಫ್ಲಾಸ್ಕಿನಿಂದ ಲೋಟಕ್ಕೆ ನೀರು ಬಗ್ಗಿಸಿ ಮುಂದಿಟ್ಟರು. "ಕುಡೀರಮ್ಮ. ಸಮಾಧಾನ ಮಾಡ್ಕೊಳ್ಳಿ."

ಮೂಲೆಯ ಸ್ಟೂಲಿನಲ್ಲಿ ಕೂತು ಇದನ್ನೆಲ್ಲ ನೋಡುತ್ತಿದ್ದವರು ತನಿಖೆಗೆ ಬಂದ ನಿವೃತ್ತ ಆರೋಗ್ಯ ನಿರೀಕ್ಷಕರು. ಎಲ್ಲದಕ್ಕೂ ಮೂಗು ತಾಗಿಸಿ ನೋಡುವ ಚಾಳಿಗೆ ಇಲಾಖೆಯವರು ಇಟ್ಟ ಹೆಸರು ಭೂತಗನ್ನಡಿ. ಸಂಜೆಯೊಳಗೆ ಅವರು ತಪ್ಪು ಯಾರದೆಂದು ಹೇಳಬೇಕು. ಇಲ್ಲವಾದರೆ ಟೆಕ್ನಿಷಿಯನ್ ಅಮಾನತು. ಆದೇಶ ಟೈಪಾಗಿಯೇ ಇತ್ತು, ಸಹಿಯೊಂದು ಬಾಕಿ.

ಅದಕ್ಕಿಂತ ದೊಡ್ಡ ಸಂಕಟ ನಲ್ಲಿಯದು. ಅದಕ್ಕೆ ನೀರು ಬರುವುದು ಚುನಾವಣೆಗೆ ಮುಂಚೆ ರಿಬ್ಬನ್ ಕತ್ತರಿಸಿದ ಹೊಸ ಟ್ಯಾಂಕಿನಿಂದ. ಲ್ಯಾಬಿನ ವರದಿ ನೀರು ಸರಿಯಿದೆ ಅನ್ನುವವರೆಗೂ ನಲ್ಲಿ ಮುಚ್ಚುವ ಧೈರ್ಯ ಯಾರಿಗೂ ಇಲ್ಲ. ಹೊಸ ಪರೀಕ್ಷೆಗೆ ಎರಡು ದಿನ ಬೇಕು. ಅಲ್ಲಿಯವರೆಗೆ ಉಳಿದ ಮಕ್ಕಳು ಅದೇ ನೀರು ಕುಡಿಯಬೇಕೇ?

"ಟ್ಯಾಂಕಿನಿಂದ ಪರೀಕ್ಷೆಗೆ ನೀರಿನ ಬಾಟಲಿ ತಂದವರು ಯಾರು?" ಭೂತಗನ್ನಡಿ ಕೇಳಿದರು.

"ನಾನು," ಅಂದೆ. ಲ್ಯಾಬಿನ ಜೀಪು ಓಡಿಸುವವನು ನಾನೇ. "ಟೆಕ್ನಿಷಿಯನ್ ಈಯಮ್ಮ ತುಂಬಿಸಿದ್ರು, ನಾನು ಐಸ್ ಡಬ್ಬೀಲಿಟ್ಟು ತಂದೆ. ದಾರೀಲಿ ಚೆಲ್ಲಿ ಬೇರೆ ನೀರು ಹಿಡಿದೆ ಅಂತೀರಾ? ಹಾಗಾದ್ರೆ ನೇರವಾಗಿ ಹೇಳಿ!"

"ಯಾಕಯ್ಯಾ ಸಾಸಿವೆ ಹಾಗೆ ಸಿಡೀತೀಯ? ತಂದ ಮೇಲೆ?"

"ಫ್ರಿಜ್ಜಿನಲ್ಲಿಟ್ಟೆ. ಈಯಮ್ಮನ್ನ ಊಟಕ್ಕೆ ಮನೆಗೆ ಬಿಟ್ಟುಬಂದೆ. ಮಧ್ಯಾಹ್ನ ಪರೀಕ್ಷೆ."

"ಆಗ ಇಲ್ಲಿ ಯಾರಿದ್ದರು?"

"ನಾನಿದ್ದೆ," ಅಂದರು ಸಾಹೇಬರು. "ಯಾರೂ ಬರಲಿಲ್ಲ."

ಪರೀಕ್ಷೆ ಮುಗಿದರೂ ಉಳಿದ ನೀರನ್ನು ಹದಿನೈದು ದಿನ ಇಟ್ಟಿರುವುದು ನಮ್ಮಲ್ಲಿ ಪದ್ಧತಿ. ಭೂತಗನ್ನಡಿ ಆ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ತಳದಲ್ಲಿ ಬಿಳಿ ಗಸಿ.

"ಟ್ಯಾಂಕಿನ ಧೂಳಿರಬೇಕು," ಅಂದೆ.

"ಟ್ಯಾಂಕಿಗೆ ಬರೋದು ಹೊಳೆ ನೀರು. ಅದರ ಗಸಿ ಮಣ್ಣುಬಣ್ಣ ಇರುತ್ತೆ. ಇಷ್ಟು ಬೆಳ್ಳಗಿರೋದು ಸುಣ್ಣ. ಗಡಸು ನೀರು ಕುದಿಸಿದ ಪಾತ್ರೇಲಿ ನಿಮ್ಮನೇಲಿ ಅಂಟಿರಲ್ವಾ, ಅದು. ಇಲ್ಲಿ ಗಡಸು ನೀರು ಎಲ್ಲಿದೆ?"

"ನಮ್ಮ ಲ್ಯಾಬಿನ ಬೋರ್‌ವೆಲ್‌ದು," ಅಂದಳು ಟೆಕ್ನಿಷಿಯನ್. ಅವಳ ದನಿ ಇಳಿದಿತ್ತು.

"ಹಾಗಾದರೆ ಕುದಿಸಿದ ಬೋರ್‌ವೆಲ್ ನೀರನ್ನ ಇದಕ್ಕೆ ತುಂಬಿದಾರೆ. ಯಾರು? ಈ ಜೀಪಿನವನು ಅಲ್ಲ."

"ಹೇಗೆ ಹೇಳ್ತೀರಿ?" ಅಂದೆ.

"ಕೈ ನೋಡ್ಕೋ! ಗ್ರೀಸು, ಮಣ್ಣು. ನೀನು ಮುಚ್ಚಳ ಮುಟ್ಟಿದ್ದರೆ ಬಾಟಲಿ ತುಂಬ ಕ್ರಿಮಿ ಜಾತ್ರೆ ಮಾಡ್ತಿದ್ದವು. ವರದಿ ಪ್ರಕಾರ ಈ ನೀರಿನಲ್ಲಿ ಒಂದೂ ಇಲ್ಲ. ಸ್ಪಿರಿಟ್ ದೀಪ ಹಚ್ಚಿ, ಕ್ರಿಮಿ ಸಾಯೋ ಹಾಗೆ ಬಾಟಲಿ ಬಾಯಿ ಉರಿಗೆ ಹಿಡಿದು, ನೀರು ತುಂಬಿ, ಮತ್ತೆ ಉರಿಗೆ ಹಿಡಿದು ಮುಚ್ಚಿದ ಕೈ ಇದು. ಎಲ್ಲರೂ ಕೊಳೆ ಹುಡುಕಿದರು. ನನಗೆ ಅನುಮಾನ ಬಂದದ್ದು ಇಷ್ಟೊಂದು ಶುದ್ಧವಾಗಿರೋದರ ಮೇಲೆ. ಕಳ್ಳತನದಲ್ಲೂ ಕಲಿತ ವಿದ್ಯೆ ಬಿಡಲಿಲ್ಲ."

ಆ ವಿದ್ಯೆ ಬಲ್ಲವರು ಲ್ಯಾಬಿನಲ್ಲಿ ಇಬ್ಬರೇ. ಒಬ್ಬಳ ಮಗಳು ಆಸ್ಪತ್ರೆಯಲ್ಲಿದ್ದಾಳೆ.

ಭೂತಗನ್ನಡಿ ಹೆಡ್‌ಮಿಸ್ಸಿನ ಲೋಟವನ್ನು ಎತ್ತಿ ಓರೆ ಮಾಡಿದರು. ತಳದಲ್ಲಿ ಅದೇ ಬಿಳಿ ಗಸಿ ಜಾರಿತು.

"ದಿನಾ ನೀರು ಕುದಿಸಿ ಫ್ಲಾಸ್ಕಿಗೆ ತುಂಬಿಡೋದು ನೀವಲ್ವಾ, ಸಾರ್?"

ನನಗೆ ನೆತ್ತಿ ಕಾದುಹೋಯಿತು. ಒಂದು ಹೆಜ್ಜೆ ಮುಂದಿಟ್ಟೆ. ಟೆಕ್ನಿಷಿಯನ್ ನನ್ನ ತೋಳು ಹಿಡಿದಳು.

ಸಾಹೇಬರು ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಗಿ ಮಾಡಿದರು. "ಸಣ್ಣ ಲ್ಯಾಬುಗಳನ್ನ ಮುಚ್ಚೋ ಪಟ್ಟಿ ತಯಾರಾಗ್ತಿದೆ. ಟ್ಯಾಂಕಿನ ವರದಿ ಕೆಟ್ಟದಾಗಿ ಬಂದರೆ ನಿಮ್ಮದೇ ಮೊದಲ ಹೆಸರು ಅಂತ ಮೇಲಿನಿಂದ ಫೋನು ಬಂತು. ಇನ್ನೂರು ಹಳ್ಳಿ ನೀರು ನೋಡೋರು ನಾವೊಬ್ಬರೇ. ಒಂದು ಸುಳ್ಳಿಗೆ ಲ್ಯಾಬು ಉಳಿಯುತ್ತಲ್ಲ ಅಂದ್ಕೊಂಡೆ. ಹೇಗೂ ಕ್ಲೋರಿನ್ ಹಾಕ್ತಾರೆ ಅಂತ ನಂಬಿದ್ದೆ."

"ಹಾಕಲಿಲ್ಲ," ಅಂದರು ಹೆಡ್‌ಮಿಸ್ಸು. "ನಿಮ್ಮ ವರದಿ ಚೆನ್ನಾಗಿದೆಯಲ್ಲ, ಇನ್ಯಾಕೆ ಖರ್ಚು ಅಂದರು ಪಂಚಾಯ್ತಿಯವರು."

ಟೆಕ್ನಿಷಿಯನ್ ಅಳಲಿಲ್ಲ. "ಬಾಟಲಿ ಬಾಯಿ ಉರಿಗೆ ಹಿಡಿಯೋದು ನನಗೆ ಕಲಿಸಿದ್ದು ನೀವೇ, ಸಾರ್," ಅಂದಳು. ಅಷ್ಟೇ.

ಸಾಹೇಬರು ಕಾಗದ ಎಳೆದುಕೊಂಡರು. "ಹಿಂದಿನ ವರದಿ ರದ್ದು, ನೀರು ಬದಲಿಸಿದವನು ನಾನು, ನಲ್ಲಿಯನ್ನು ಕೂಡಲೇ ಮುಚ್ಚಿ" — ಮೂರು ಸಾಲು ಬರೆದು ಸಹಿ ಹಾಕಿ ಮೊಹರು ಒತ್ತಿದರು. ಶಾಯಿ ಆರುವ ಮುಂಚೆಯೇ ಹೆಡ್‌ಮಿಸ್ಸು ಕಿತ್ತುಕೊಂಡರು. "ಜೀಪು ತೆಗಿ, ಅಣ್ಣಾ!"

ನಾನು ಕೀ ಹಿಡಿದು ಓಡುವಾಗ ಸಾಹೇಬರು ಬಿಳಿ ಕೋಟು ಬಿಚ್ಚಿ ಗೂಟಕ್ಕೆ ಹಾಕುತ್ತಿದ್ದರು. ಗೇಟಿನ ಹತ್ತಿರ ಜೀಪು ನಿಧಾನ ಮಾಡಿದೆ. ಅವರು ನಡೆದೇ ಹೊರಟಿದ್ದರು.

"ಫ್ಲಾಸ್ಕು ಮರೆತ್ರಿ, ಸಾರ್!" ಅಂತ ಕೂಗಿದೆ. ಅವರು ತಿರುಗಿ ನೋಡಲಿಲ್ಲ.

ಅದು ಇನ್ನೂ ಆ ಮೇಜಿನ ಮೇಲೇ ಇದೆ. ತೆಗೆದುಕೊಂಡು ಹೋಗಲು ಅವರು ಬರಲೇ ಇಲ್ಲ.