ಮೂರು ಚಕ್ರದ ಕಾರಿನ ಹಿಂದಿನ ಸೀಟು

"ಇನ್ನೊಂಚೂರು ತಳ್ಳು ಮಗಳೇ. ಆ ಪಾನ್ ಅಂಗಡಿ ದಾಟಿದ್ರೆ ಇಳಿಜಾರು," ಎಂದರು ಅಪ್ಪ.

ಅಪೂರ್ವಾ ತಳ್ಳಿದಳು. ಹೋದ ಭಾನುವಾರವೂ ಅಪ್ಪ ಹೀಗೇ ಹೇಳಿದ್ದರು. ಪಾನ್ ಅಂಗಡಿ ದಾಟಿದ ಮೇಲೂ ಇಳಿಜಾರು ಬರಲಿಲ್ಲ. ಬನಾರಸಿನಲ್ಲಿ ಇಳಿಜಾರು ಇರುವುದೆಲ್ಲ ಗಂಗೆಯ ಕಡೆಗೆ, ಅದೂ ಮೆಟ್ಟಿಲುಗಳಲ್ಲಿ. ಪಾನ್ ಅಂಗಡಿಯವನು, ಇದು ಕಾರೋ ತಳ್ಳುಗಾಡಿಯೋ ಎಂದು ಹಿಂದಿಯಲ್ಲಿ ಕೇಳಿ ನಕ್ಕ. ಅಪ್ಪ ಏದುಸಿರು ಬಿಡುತ್ತಲೇ ತಳ್ಳಿದರು.

ಅದು ಕಾರೇ. ಮುಂದೆ ಒಂದು ಚಕ್ರ, ಹಿಂದೆ ಎರಡು. ಹಾಗೆಂದು ಯಾರಾದರೂ ಆಟೋ ಎಂದರೆ ಅಪ್ಪನಿಗೆ ಬೇಜಾರು. ಬಾಗಿಲುಗಳಿದ್ದವು, ಗಾಜಿನ ಕಿಟಕಿಗಳಿದ್ದವು, ದುಂಡನೆಯ ಸ್ಟೀರಿಂಗ್ ಇತ್ತು. ಸ್ಕೂಟರ್ ಕೊಳ್ಳುವವರೂ ಕೊಳ್ಳಬಹುದಾದ ಕಾರು, ಸ್ಕೂಟರಿನಷ್ಟೇ ಪೆಟ್ರೋಲ್ ಕುಡಿಯುವ ಕಾರು. ಅದನ್ನು ಮಾಡುವುದಕ್ಕೆಂದೇ ಅಪ್ಪ ರೈಲ್ವೆ ಕೆಲಸ ಬಿಟ್ಟಿದ್ದರು. ಗೆಳೆಯ ರಮೇಶನ ಜೊತೆ ಸೋನಾರ್‌ಪುರದಲ್ಲಿ ಒಂದು ಶೆಡ್ ಹಿಡಿದು ಕಂಪನಿ ಶುರು ಮಾಡಿದ್ದರು. ಕಂಪನಿ ಎಂದರೆ ಅವರಿಬ್ಬರೇ. ಭಾನುವಾರ ಮಾತ್ರ ಅಪೂರ್ವಾಳೂ ಸೇರಿ ಮೂವರು.

ಭಾನುವಾರ ಮೈಲೇಜ್ ಟೆಸ್ಟ್. ಅಪ್ಪ ಓಡಿಸುತ್ತಿದ್ದರು, ರಮೇಶ್ ಚಾಚಾ ಪಕ್ಕದಲ್ಲಿ ಕೂತು ಮೀಟರ್ ನೋಡುತ್ತಿದ್ದರು. ಹಿಂದಿನ ಸೀಟಿನಲ್ಲಿ ಪ್ರಯಾಣಿಕರ ತೂಕ ಬೇಕಲ್ಲ? ಅದಕ್ಕೆ ಒಂದು ಮರಳಿನ ಚೀಲ, ಪಕ್ಕದಲ್ಲಿ ಅಪೂರ್ವಾ. ಮರಳಿನ ಚೀಲಕ್ಕೆ ಯಾವ ತೊಂದರೆಯೂ ಇರಲಿಲ್ಲ.

ಎಂಜಿನ್ ಇದ್ದದ್ದು ಆ ಸೀಟಿನ ಕೆಳಗೆ. ಸ್ವಲ್ಪ ದೂರ ಹೋಗುವಷ್ಟರಲ್ಲಿ ಸೀಟು ಕಾದು ಸುಡುತ್ತಿತ್ತು. ಖರ್ಚು ಉಳಿಯಲೆಂದು ಹಿಂದಿನ ಕಿಟಕಿಗಳಿಗೆ ತೆರೆಯದ ಗಾಜು ಹಾಕಿದ್ದರು. ಲಂಕಾ ಬಡಾವಣೆಯ ಟ್ರಾಫಿಕ್ ಜಾಮ್‌ನಲ್ಲಿ ಕಾರು ನಿಂತರೆ ಹೊಗೆಯೆಲ್ಲ ಒಳಗೇ. ಅಪೂರ್ವಾಳಿಗೆ ಹೊಟ್ಟೆ ತೊಳಸುತ್ತಿತ್ತು. ಹಾಗಾಗಿ ಭಾನುವಾರ ಬೆಳಿಗ್ಗೆ ಅವಳು ತಿಂಡಿ ತಿನ್ನುವುದನ್ನೇ ಬಿಟ್ಟಿದ್ದಳು. ಕಾಲು ಮಡಚಿಕೊಂಡು, ಬಾಯಿ ಬಿಗಿಹಿಡಿದು ಕೂರುತ್ತಿದ್ದಳು. ಕಾರು ಬಿಸಿಯೇರಿ ದಾರಿಯಲ್ಲೇ ನಿಂತರೆ ಅವಳಿಗೆ ಒಳಗೊಳಗೇ ಖುಷಿ. ತಳ್ಳುವುದಾದರೂ ಗಾಳಿಯಲ್ಲಿ ತಾನೇ?

"ಹಿಂದೆ ಹೇಗಿತ್ತು?" ಎಂದು ಅಪ್ಪ ಪ್ರತಿ ಸಲವೂ ಕೇಳುತ್ತಿದ್ದರು.

"ಚೆನ್ನಾಗಿತ್ತು," ಎನ್ನುತ್ತಿದ್ದಳು ಅಪೂರ್ವಾ. ಬೆವರಿಳಿಯುವ ಅಪ್ಪನ ಮುಖ ನೋಡಿ ಬೇರೆ ಏನೂ ಹೇಳಲು ಅವಳಿಗೆ ಮನಸ್ಸು ಬರುತ್ತಿರಲಿಲ್ಲ.

ಆ ವಾರ ಒಂದು ಸುದ್ದಿ ಬಂತು. ಕೇದಾರ ಘಾಟಿನಲ್ಲಿ ಲಾಡ್ಜ್ ನಡೆಸುವ ಅಂಬುಜಾಕ್ಷಮ್ಮ ಕಾರು ನೋಡಲು ಬರುತ್ತಾರಂತೆ. ಅವರ ಲಾಡ್ಜಿಗೆ ಬರುವವರೆಲ್ಲ ಕರ್ನಾಟಕದ ವಯಸ್ಸಾದ ಯಾತ್ರಿಕರು. ಅವರನ್ನು ಸ್ಟೇಷನ್ನಿನಿಂದ ಲಾಡ್ಜಿನ ಗಲ್ಲಿಯ ಬಾಯಿಯವರೆಗೆ ಕರೆತರಲು ಗಾಡಿ ಬೇಕಿತ್ತು. ಹಿಡಿಸಿದರೆ ಎರಡು ಕಾರು ತೆಗೆದುಕೊಳ್ಳುತ್ತಾರೆ. ಕಂಪನಿಗೆ ಮೊದಲ ಆರ್ಡರ್.

ಅಪ್ಪ ಕೆಲಸ ಬಿಟ್ಟ ಮೇಲೆ ಮನೆ ನಡೆಯುತ್ತಿದ್ದುದು ಅಮ್ಮನ ಒರಳಿನಿಂದ. ಘಾಟಿನ ಇಡ್ಲಿ ಹೋಟೆಲಿಗೆ ಅಮ್ಮ ದಿನವೂ ಹಿಟ್ಟು ರುಬ್ಬಿ ಕೊಡುತ್ತಿದ್ದಳು. ರಾತ್ರಿ ಅವಳಿಗೆ ಕೈ ಮೇಲೆತ್ತಲು ಆಗುತ್ತಿರಲಿಲ್ಲ. ಆರ್ಡರ್ ಸಿಕ್ಕಿದ ದಿನವೇ ರುಬ್ಬುವುದನ್ನು ನಿಲ್ಲಿಸಿಬಿಡು ಎಂದು ಅಪ್ಪ ಹೇಳಿದ್ದರು.

ಭಾನುವಾರ ಅಂಬುಜಾಕ್ಷಮ್ಮ ಕೋಲೂರಿಕೊಂಡು ಶೆಡ್ಡಿಗೆ ಬಂದರು. ಬಿಸಿಲು ಆಗಲೇ ಏರಿತ್ತು. ಸ್ಟೇಷನ್ನಿಗೆ ಹೋಗಿ ಬರೋಣ, ಯಾತ್ರಿಕರು ಬರುವ ದಾರಿಯನ್ನೇ ನೋಡಿದ ಹಾಗಾಗುತ್ತದೆ ಎಂದರು. ಇವತ್ತು ಏಕಾದಶಿ, ಬೆಳಗಿನಿಂದ ನೀರೂ ಮುಟ್ಟಿಲ್ಲ, ಹಾಗಾಗಿ ಬೇಗ ಹೊರಡೋಣ ಎಂದೂ ಸೇರಿಸಿದರು.

ಅಪ್ಪ ಹಿಂದಿನ ಬಾಗಿಲು ತೆರೆದು ಹಿಡಿದರು. ಹಿಂದೆ ಆರಾಮವಾಗಿರತ್ತೇನಪ್ಪಾ ಎಂದು ಅಂಬುಜಾಕ್ಷಮ್ಮ ಕೇಳಿದರು.

"ನನ್ನ ಮಗಳು ಪ್ರತಿ ಭಾನುವಾರ ಇಲ್ಲೇ ಕೂರೋದು. ಒಂದು ದಿನಾನೂ ಕಷ್ಟ ಅಂದಿಲ್ಲ. ಬೇಕಾದ್ರೆ ಅವಳನ್ನೇ ಕೇಳಿ," ಎಂದರು ಅಪ್ಪ. ಅಷ್ಟು ಹೆಮ್ಮೆಯಿಂದ ಅಪ್ಪ ಮಾತಾಡಿ ಎಷ್ಟೋ ದಿನವಾಗಿತ್ತು.

"ಹೌದೇನೇ ಕೂಸೇ?"

ಅಪೂರ್ವಾಳ ಬಾಯಿಗೆ 'ಚೆನ್ನಾಗಿದೆ' ಎಂಬ ಮಾತು ಬಂದೇಬಿಟ್ಟಿತ್ತು. ಅಷ್ಟರಲ್ಲಿ ಅಂಬುಜಾಕ್ಷಮ್ಮನ ಒಣಗಿದ ತುಟಿ ಕಂಡಿತು. ಖಾಲಿ ಹೊಟ್ಟೆಯಲ್ಲಿ ಆ ಸೀಟಿನ ಮೇಲೆ ಕೂತರೆ ಏನಾಗುತ್ತದೆಂದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ.

"ಹತ್ತಬೇಡಿ ಅಜ್ಜಿ," ಎಂದಳು. "ಸೀಟು ಸುಡತ್ತೆ. ಹೊಗೆ ಒಳಗೇ ಬರತ್ತೆ. ನಂಗೆ ಪ್ರತಿ ಸಲ ವಾಂತಿ ಬಂದ ಹಾಗಾಗತ್ತೆ."

ರಮೇಶ್ ಚಾಚಾಗೆ ಕನ್ನಡ ಬರುತ್ತಿರಲಿಲ್ಲ. ಆದರೂ ಅಪ್ಪನ ಮುಖ ನೋಡಿ ಅವರ ನಗು ಮಾಯವಾಯಿತು. ಅಂಬುಜಾಕ್ಷಮ್ಮ ಬಾಗಿಲಿನಿಂದ ಕೈ ತೆಗೆದರು.

"ಸಂಕರ್ಷಣ, ನೀನು ಯಾವತ್ತಾದ್ರೂ ಹಿಂದೆ ಕೂತಿದೀಯಾ?" ಎಂದು ಅಪ್ಪನನ್ನು ಕೇಳಿದರು.

ಅಪ್ಪ ಇಲ್ಲವೆಂದು ತಲೆಯಾಡಿಸಿದರು. ಕೂತು ನೋಡು, ಸರಿಯಾದ ಮೇಲೆ ಹೇಳಿ ಕಳಿಸು ಎಂದು ಹೇಳಿ ಅಂಬುಜಾಕ್ಷಮ್ಮ ಮೆಲ್ಲಗೆ ಹೊರಟುಹೋದರು. ಅಪ್ಪ ಬೀಗದ ಕೈಯನ್ನು ರಮೇಶ್ ಚಾಚಾಗೆ ಕೊಟ್ಟು ಹಿಂದಿನ ಸೀಟಿನಲ್ಲಿ ಕೂತರು. ಕಾರು ಸ್ಟೇಷನ್ನಿನ ಕಡೆಗೆ ಹೋಯಿತು.

ಅಪೂರ್ವಾ ಶೆಡ್ಡಿನಲ್ಲಿ ಒಬ್ಬಳೇ ಕಾದಳು. ಅವಳಿಗೆ ಭಯವಾಗಿತ್ತು. ಅಪ್ಪ ಬೈದರೂ ಪರವಾಗಿಲ್ಲ, ಮಾತು ಬಿಡದಿದ್ದರೆ ಸಾಕು ಎಂದುಕೊಂಡಳು.

ಕಾರು ಬಹಳ ಹೊತ್ತಿನ ಮೇಲೆ ಬಂತು. ಅಪ್ಪ ಇಳಿದರು. ಅಂಗಿ ಬೆವರಿಗೆ ಮೈಗಂಟಿತ್ತು. ಗೋಡೆ ಹಿಡಿದು ನಿಂತರು.

"ನಂಗ್ಯಾಕೆ ಹೇಳ್ಲಿಲ್ಲ?"

"ನಿಮಗೆ ಮೊದಲೇ ಸುಸ್ತಾಗಿರ್ತಿತ್ತಲ್ಲ ಅಪ್ಪಾ."

ಅಪ್ಪ ಅವಳನ್ನೇ ನೋಡಿದರು. "ನೀನು ಚೆನ್ನಾಗಿದೆ ಅಂದ್ರೆ ನಂಗೆ ಅಷ್ಟೇ ಸಾಕಾಗ್ತಿತ್ತು," ಎಂದರು. "ಒಂದು ಸಲಾನೂ ತಿರುಗಿ ನಿನ್ನ ಮುಖ ನೋಡ್ಲಿಲ್ಲ."

ಶಿವಾಲದಲ್ಲಿದ್ದ ತಮ್ಮ ಮನೆಗೆ ಇಬ್ಬರೂ ನಡೆದರು. ಅಮ್ಮ ಒರಳಿನ ಮುಂದೆ ಕೂತಿದ್ದಳು. ಅಂಬುಜಾಕ್ಷಮ್ಮ ಏನೆಂದರು ಎಂದು ತಲೆ ಎತ್ತದೆಯೇ ಕೇಳಿದಳು.

"ಕಾರು ಇನ್ನೂ ಸರಿಯಾಗಿ ಆಗಿಲ್ಲ ಕಾತ್ಯಾಯನಿ. ಎಂಜಿನ್ನಿನ ಜಾಗ ಬದಲಾಯಿಸ್ಬೇಕು," ಎಂದರು ಅಪ್ಪ.

ಅಮ್ಮನ ಕೈ ನಿಂತಿತು. ಆರ್ಡರ್ ತಪ್ಪಿದ್ದಕ್ಕೆ ಅಪ್ಪ ತನ್ನ ಹೆಸರು ಹೇಳುತ್ತಾರೆಂದು ಅಪೂರ್ವಾ ಕಾದಳು. ಅಪ್ಪ ಹೇಳಲಿಲ್ಲ. ಅದನ್ನೇ ಅವಳಿಗೆ ತಡೆಯಲಾಗಲಿಲ್ಲ.

"ಅಮ್ಮಾ, ನಾನೇ ಅವರಿಗೆ ಹತ್ತಬೇಡಿ ಅಂದೆ."

ಅಮ್ಮ ಇಬ್ಬರನ್ನೂ ನೋಡಿದಳು. ಹಿಟ್ಟಾಗಿದ್ದ ಕೈಯನ್ನು ಒಮ್ಮೆ ಜಾಡಿಸಿಕೊಂಡಳು.

"ಪಾಪ, ಏಕಾದಶಿ ದಿನ ಅವರು ನೀರೂ ಕುಡಿಯಲ್ಲ," ಎಂದಳು. ಆಮೇಲೆ ನೆನೆದ ಅಕ್ಕಿಯನ್ನು ಇನ್ನೊಂದು ಹಿಡಿ ಒರಳಿಗೆ ಹಾಕಿ ಗುಂಡು ತಿರುಗಿಸತೊಡಗಿದಳು.

ನಾಳೆಯೂ ಅಮ್ಮ ರುಬ್ಬಬೇಕು, ನಾಡಿದ್ದೂ ರುಬ್ಬಬೇಕು ಎಂದು ಅಪೂರ್ವಾಳಿಗೆ ಆಗ ತಿಳಿಯಿತು. ಅದು ಅಮ್ಮನಿಗೆ ತನಗಿಂತ ಮೊದಲೇ ತಿಳಿದಿತ್ತು, ತಿಳಿದೂ ಬೈಯಲಿಲ್ಲ ಎನ್ನುವುದೂ ತಿಳಿಯಿತು. ಅವಳು ಕೈ ತೊಳೆದು ಬಂದು ಅಮ್ಮನ ಎದುರು ಕೂತಳು. ಗುಂಡು ತಿರುಗಿದಂತೆಲ್ಲ ಅಂಚಿಗೆ ಬಂದ ಹಿಟ್ಟನ್ನು ಮೆಲ್ಲಗೆ ಒಳಕ್ಕೆ ತಳ್ಳತೊಡಗಿದಳು.