ಮುಚ್ಚಳ ಹಾಕಿದ ಖಾಲಿ ಬಾಟಲಿ

ಎಂಬತ್ನಾಲ್ಕನೇ ಇಸವಿಯಲ್ಲಿ ನಾನು ತಮಿಳುನಾಡಿನ ಅವಿನಾಶಿ ಊರಿನ ಹತ್ತಿರದ ಕಲರ್ ಸೋಡಾ ಫ್ಯಾಕ್ಟರಿಯಲ್ಲಿ ಲೈಟಿನ ಮುಂದೆ ಕೂರುತ್ತಿದ್ದೆ. ತುಂಬಿ ಮುಚ್ಚಳ ಹಾಕಿದ ಬಾಟಲಿಗಳು ಬಿಳಿ ಬೆಳಕಿನ ಮುಂದೆ ಸಾಲಾಗಿ ಹೋಗುವಾಗ, ಒಳಗೆ ಕಸ ಕಂಡರೆ ತೆಗೆದಿಡುವುದು ನನ್ನ ಕೆಲಸ. ನನಗಿಂತ ಮೊದಲು ಆ ಸ್ಟೂಲಿನಲ್ಲಿ ಕೂರುತ್ತಿದ್ದವಳು ನಾದಿನಿ ಪೆರಿಯನಾಯಕಿ. ಅವಳಿಗೆ ಉಬ್ಬಸ. ಎರಡು ಸಲ ಚಿಕ್ಕದಾಗಿ ಉಸಿರೆಳೆದು, ಆಮೇಲೆ ಒಂದು ಉದ್ದ ಉಸಿರು ಬಿಡುತ್ತಿದ್ದಳು. ಆಷಾಢದಲ್ಲಿ ಅದೇ ಸ್ಟೂಲಿನ ಮೇಲೆ ಪ್ರಾಣ ಬಿಟ್ಟಳು.

ಒಂದು ಮಧ್ಯಾಹ್ನ ಕರೆಂಟ್ ಹೋಯಿತು. ಮತ್ತೆ ಬಂದಾಗ ನನ್ನ ಎದುರಿಗೇ ಒಂದು ಬಾಟಲಿ ನಿಂತಿತ್ತು. ಮುಚ್ಚಳ ಬಿಗಿಯಾಗಿತ್ತು, ಒಳಗೆ ಒಂದು ತೊಟ್ಟೂ ಇರಲಿಲ್ಲ. ಮಿಷನ್ ತುಂಬದೆ ಬಿಟ್ಟಿದೆ ಅಂದುಕೊಂಡು ಕೈಗೆತ್ತಿಕೊಂಡೆ. ಅಕ್ಕಪಕ್ಕದವು ಕೊರೆಯುವಷ್ಟು ತಣ್ಣಗಿದ್ದವು. ಇದು ಜ್ವರದ ಹಣೆಯಂತೆ ಬೆಚ್ಚಗಿತ್ತು. ಗಾಜಿನ ಒಳಗೆ ಆವಿ ಕಟ್ಟಿತು, ಕರಗಿತು. ಚಿಕ್ಕದಾಗಿ ಎರಡು ಸಲ, ಆಮೇಲೆ ಉದ್ದವಾಗಿ ಒಂದು ಸಲ.

ಮೇಸ್ತ್ರಿ ಗೋವಿಂದಸಾಮಿ ಓಪನರ್ ಹಿಡಿದು ಬಂದು, "ಕೊಡಮ್ಮಾ, ತೆರೆದು ತೊಳೆಯೋಕೆ ಹಾಕ್ತೀನಿ" ಅಂತ ತಮಿಳಿನಲ್ಲಿ ಅಂದ. ಬದುಕಿದ್ದಾಗ ಪೆರಿಯನಾಯಕಿಗೆ ಒಂದು ದಿನವೂ ರಜೆ ಕೊಡದವನ ಕೈಗೆ ನಾನು ಅದನ್ನು ಕೊಡಲಿಲ್ಲ. ಸೆರಗಿನಲ್ಲಿ ಸುತ್ತಿ ಮನೆಗೆ ತಂದೆ.

ಪೆರಿಯನಾಯಕಿಯ ತಾಯಿ, ನನ್ನ ಅತ್ತೆ ಸಾಮಿಯಾತಾಳ್ ಅದನ್ನು ಮುಟ್ಟಿ ನೋಡಿದರು. ತಲೆದಿಂಬಿನ ಪಕ್ಕ ಮಲಗಿಸಿಕೊಂಡು, "ಇದನ್ನ ಯಾರೂ ತೆರೀಬಾರದು" ಅಂದರು.

ಅತ್ತೆಯೂ ಹೋಗಿ ವರ್ಷಗಳಾದವು. ಬಾಟಲಿ ನನ್ನ ಹತ್ತಿರವೇ ಇದೆ. ಎಷ್ಟು ಎಣ್ಣೆ ಹಚ್ಚಿದರೂ ಮುಚ್ಚಳ ತುಕ್ಕು ಹಿಡಿದು ತೆಳ್ಳಗಾಗುತ್ತಿದೆ. ಒಳಗೆ ಆವಿ ಕಟ್ಟುವುದು ಇನ್ನೂ ನಿಂತಿಲ್ಲ.